ಲಾಕ್‌ಡೌನಿನ ಲಾಠಿ ಮತ್ತು ರಸೀದಿ ಇಲ್ಲದ ದಂಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಲಾಕ್‌ಡೌನ್ ಕಾಲದ ಪ್ರಕರಣವೊಂದರ ಕುರಿತ ಪ್ರಶ್ನೆಗೆ ಉತ್ತರಿಸಿದ್ದೆ. ಅದನ್ನು ಓದಿದ ಶಿವಮೊಗ್ಗ ಜಿಲ್ಲೆಯ ಹಲವರು ತಮ್ಮ ಅನುಭವವನ್ನೂ ಬರೆದು ಕಳುಹಿಸಿದ್ದಾರೆ. ಕಾಯಿಲೆಯ ಭಯ ಜನರ ಮನಸ್ಸಿನಿಂದ ಬಹುಮಟ್ಟಿಗೆ ಮರೆಯಾಗಿದ್ದರೂ, ರಸ್ತೆಯಲ್ಲಿ ಪೊಲೀಸರು ನಡೆದುಕೊಂಡ ರೀತಿಯ ಬಗೆಗಿನ ಸಿಟ್ಟು ಆರಿಲ್ಲವೆಂಬುದು ಈ ಪತ್ರಗಳಿಂದ ತಿಳಿಯುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮದು ಒಂಟಿ ಮನೆ. ಹತ್ತಿರದ ಅಂಗಡಿಯೆಂದರೆ ಏಳು ಕಿಲೋಮೀಟರ್ ದೂರದ ಪೇಟೆ. 2021ರ ಮೇ ತಿಂಗಳಲ್ಲಿ ಅಮ್ಮನ ಬಿಪಿ ಮಾತ್ರೆಗೂ ದಿನಸಿಗೂ ಎಂದು ಬೈಕಿನಲ್ಲಿ ಹೊರಟಾಗ ಬ್ಯಾರಿಕೇಡ್ ಬಳಿ ತಡೆದರು. ಡಾಕ್ಟರ ಚೀಟಿಯನ್ನು ಜೇಬಿನಿಂದ ತೆಗೆಯುವ ಮೊದಲೇ ಮೀನಖಂಡದ ಮೇಲೆ ಲಾಠಿ ಬಿತ್ತು. ‘ನಡೆದು ಬರಬೇಕು ಅಂತ ಗೊತ್ತಿಲ್ವಾ’ ಎಂದು ಗದರಿ ವಾಪಸ್ ಕಳುಹಿಸಿದರು. ಕೇಸು ಹಾಕಲಿಲ್ಲ, ದಂಡವನ್ನೂ ಕಟ್ಟಿಸಿಕೊಳ್ಳಲಿಲ್ಲ. ಹಾಗೆ ಹೊಡೆಯಲು ಯಾವ ಕಾನೂನು ಅವರಿಗೆ ಅಧಿಕಾರ ಕೊಟ್ಟಿತ್ತು? – ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ಯಾವ ಕಾನೂನೂ ಕೊಟ್ಟಿರಲಿಲ್ಲ. ಲಾಕ್‌ಡೌನ್ ಜಾರಿಯಾದದ್ದು ಮುಖ್ಯವಾಗಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ. ಜೊತೆಗೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, ರಾಜ್ಯ ಸರ್ಕಾರವು 2020ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ತಂದು ನಂತರ ಕಾಯ್ದೆಯಾಗಿಸಿದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾನೂನು, ಜಿಲ್ಲಾಡಳಿತಗಳು ಹೊರಡಿಸಿದ 144ನೆಯ ಕಲಮಿನ ನಿಷೇಧಾಜ್ಞೆಗಳು ಇದ್ದವು. ಇವನ್ನು ಮೀರಿದವರಿಗೆ ಶಿಕ್ಷೆಯುಂಟು, ಇಲ್ಲವೆಂದಲ್ಲ. ಅಂದಿನ ಭಾರತೀಯ ದಂಡ ಸಂಹಿತೆಯ 188ನೆಯ ಕಲಮಿನಂತೆ, ಆದೇಶದ ಉಲ್ಲಂಘನೆಯಿಂದ ಜನರ ಜೀವಕ್ಕೋ ಆರೋಗ್ಯಕ್ಕೋ ಅಪಾಯವಾಗುವಂತಿದ್ದರೆ ಆರು ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಪತ್ತು ನಿರ್ವಹಣಾ ಕಾಯ್ದೆಯ 51ನೆಯ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆ, ಉಲ್ಲಂಘನೆಯಿಂದ ಪ್ರಾಣಹಾನಿಯಾದರೆ ಎರಡು ವರ್ಷ. ಆದರೆ ಈ ಶಿಕ್ಷೆಗಳನ್ನೆಲ್ಲ ವಿಧಿಸಬೇಕಾದವರು ನ್ಯಾಯಾಧೀಶರು. ತಡೆಯುವುದು, ಹೆಸರು ವಿಳಾಸ ಬರೆದುಕೊಳ್ಳುವುದು, ವಾಪಸ್ ಕಳುಹಿಸುವುದು, ಪ್ರಕರಣ ದಾಖಲಿಸುವುದು ಇಷ್ಟೇ ಪೊಲೀಸರ ಕೆಲಸ.

ಬಲಪ್ರಯೋಗಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲವೇ ಎಂದರೆ, ಇದೆ, ಆದರೆ ಬಹಳ ಚಿಕ್ಕ ಜಾಗ. ಅಕ್ರಮ ಕೂಟವು ಚದುರಲು ಒಪ್ಪದಿದ್ದಾಗ ಅದನ್ನು ಚದುರಿಸಲು ಬಲ ಬಳಸಬಹುದು. ಬಂಧಿಸಲು ಹೋದಾಗ ಒಬ್ಬನು ಎದುರು ಬಿದ್ದರೆ ಬಂಧನಕ್ಕೆ ಬೇಕಾದಷ್ಟು ಬಲ ಬಳಸಬಹುದು. ಬೈಕಿನ ಮೇಲೆ ಒಬ್ಬರೇ ಕೂತು, ಹೇಳಿದೊಡನೆ ನಿಲ್ಲಿಸಿ, ಜೇಬಿಗೆ ಕೈ ಹಾಕಿದ ತಾವು ಕೂಟವೂ ಅಲ್ಲ, ಎದುರು ಬಿದ್ದವರೂ ಅಲ್ಲ. ತಮಗಾದದ್ದು ಸರಳವಾಗಿ ಹೇಳುವುದಾದರೆ ಹಲ್ಲೆ. ಬಸ್ಕಿ ಹೊಡೆಸಿದ್ದು, ರಸ್ತೆಯಲ್ಲಿ ಮಂಡಿಯೂರಿ ಕೂರಿಸಿದ್ದು, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಿದ್ದು ಇವೂ ಇದೇ ಸಾಲಿಗೆ ಸೇರುತ್ತವೆ. ಆ ದಿನಗಳಲ್ಲಿ ನಮ್ಮಲ್ಲಿ ಅನೇಕರು ಅಂಥ ವಿಡಿಯೊ ನೋಡಿ ನಕ್ಕು, ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೂ ಉಂಟು.

ಇನ್ನು ‘ನಡೆದು ಬರಬೇಕು’ ಎಂಬ ಮಾತು. ಎರಡನೆಯ ಅಲೆಯಲ್ಲಿ, 2021ರ ಮೇ 10ರಿಂದ ಜಾರಿಗೆ ಬಂದ ಬಿಗಿ ಲಾಕ್‌ಡೌನಿನಲ್ಲಿ ಅಗತ್ಯ ವಸ್ತುಗಳ ಖರೀದಿಗೆ ಬೆಳಿಗ್ಗೆ 6ರಿಂದ 10ರವರೆಗೆ ಅವಕಾಶವಿತ್ತು. ಅದಕ್ಕೆ ವಾಹನ ಬಳಸಬಾರದು, ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು ಎಂದು ಮೊದಲಿಗೆ ಹೇಳಲಾಗಿತ್ತು. ಮೊದಲ ದಿನವೇ ರಾಜ್ಯದ ಹಲವೆಡೆ ಲಾಠಿ ಬೀಸಿದ ದೃಶ್ಯಗಳು ಹರಿದಾಡಿ ಟೀಕೆ ಎದ್ದ ಮೇಲೆ, ಹತ್ತಿರದ ಅಂಗಡಿಯವರೆಗೆ ವಾಹನದಲ್ಲಿ ಹೋಗಲು ಅಡ್ಡಿಯಿಲ್ಲವೆಂಬ ಸ್ಪಷ್ಟನೆ ಬಂತು. ಬೆಂಗಳೂರಿನ ಬಡಾವಣೆಯಲ್ಲಿ ಮನೆಯ ಮೂಲೆ ತಿರುಗಿದರೆ ಅಂಗಡಿ ಸಿಗುತ್ತದೆ, ಅಲ್ಲಿ ಆ ಷರತ್ತಿಗೆ ಅರ್ಥವಿತ್ತು. ಮಲೆನಾಡಿನಲ್ಲಿ ಊರೆಂದರೆ ಗುಡ್ಡದ ಈ ಮಗ್ಗುಲಿಗೆ ಒಂದು ಮನೆ, ಆ ಮಗ್ಗುಲಿಗೆ ಇನ್ನೊಂದು. ನಡುವೆ ತೋಟ, ಗದ್ದೆ, ಹಳ್ಳ, ಹಳ್ಳಕ್ಕೊಂದು ಸಂಕ, ಅಂದರೆ ಕಾಲುಸೇತುವೆ. ಏಳು ಕಿಲೋಮೀಟರ್ ಇಳಿದು, ಸರದಿಯಲ್ಲಿ ನಿಂತು, ಅಕ್ಕಿ ಚೀಲ ಹೊತ್ತು ಮತ್ತೆ ಏಳು ಕಿಲೋಮೀಟರ್ ಏರುವಷ್ಟರಲ್ಲಿ ಹತ್ತು ಗಂಟೆ ಮೀರುತ್ತದೆ, ಮೀರಿದ ಮೇಲೆ ಅದೇ ಮತ್ತೊಂದು ಉಲ್ಲಂಘನೆ. ಅಡಿಕೆಗೆ ಸಿಂಪಡಿಸುವ ಔಷಧಿಗೆ ಬೇಕಾದ ಮೈಲುತುತ್ತ, ಸುಣ್ಣವನ್ನು ಮುಂಗಾರಿಗೆ ಮುನ್ನ ತಂದಿಟ್ಟುಕೊಳ್ಳಬೇಕಾದ ಸಮಯವೂ ಅದೇ. ಕೃಷಿ ಕೆಲಸಕ್ಕೆ ಆದೇಶದಲ್ಲೇ ವಿನಾಯಿತಿ ಇತ್ತು. ಆದರೆ ಬೈಕಿನ ಹಿಂದೆ ಕಟ್ಟಿದ ಮೂಟೆಯಲ್ಲಿ ಇರುವುದು ಸುಣ್ಣವೋ ಬೇರೇನೋ ಎಂದು ಕೇಳುವ ತಾಳ್ಮೆ ಬ್ಯಾರಿಕೇಡಿನ ಬಳಿ ಎಲ್ಲರಿಗೂ ಇರಲಿಲ್ಲ. ಆದ್ದರಿಂದ ತಮ್ಮ ದೂರಿನ ಅರ್ಧ ಭಾಗ ಲಾಠಿ ಬೀಸಿದವರ ಮೇಲಿದ್ದರೆ ಉಳಿದರ್ಧ ಆ ಷರತ್ತನ್ನು ಬರೆದವರ ಮೇಲಿರಬೇಕೆಂಬುದು ನನ್ನ ಅಭಿಪ್ರಾಯ.

ಈಗ ದೂರು ಕೊಡಬಹುದೇ ಎಂಬುದಕ್ಕೆ ನಿರಾಸೆಯ ಉತ್ತರವನ್ನೇ ಕೊಡಬೇಕಾಗಿದೆ. ಸಾಮಾನ್ಯ ಗಾಯದ ಹಲ್ಲೆಗೆ ನ್ಯಾಯಾಲಯದಲ್ಲಿ ಕಾಲಮಿತಿ ಒಂದು ವರ್ಷ. ಮಾನವ ಹಕ್ಕುಗಳ ಆಯೋಗವೂ ಘಟನೆ ನಡೆದು ಒಂದು ವರ್ಷ ಕಳೆದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಕೋವಿಡ್ ಕಾಲಕ್ಕೆ ಸಿಕ್ಕ ಕಾಲಮಿತಿಯ ವಿನಾಯಿತಿಯನ್ನು ಸೇರಿಸಿ ಎಣಿಸಿದರೂ ಅವಧಿ ಮುಗಿದಿದೆ. ವಿಳಂಬ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದ್ದರೂ, ಗಾಯದ ದಾಖಲೆಯಾಗಲಿ ಸಾಕ್ಷಿಯಾಗಲಿ ಇಲ್ಲದೆ ಇಷ್ಟು ವರ್ಷಗಳ ಬಳಿಕ ಹೋಗುವುದರಿಂದ ತಮಗೆ ಖರ್ಚಲ್ಲದೆ ಬೇರೇನೂ ಗಿಟ್ಟದು.

ಪ್ರಶ್ನೆ: 2020ರ ಏಪ್ರಿಲ್‌ನಲ್ಲಿ ನನ್ನ ಬೈಕನ್ನು ಠಾಣೆಗೆ ಒಯ್ದರು. ಮೇ ತಿಂಗಳಲ್ಲಿ 500 ರೂಪಾಯಿ ಕಟ್ಟಿಸಿಕೊಂಡು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಬಯಲಿನಲ್ಲಿ ನಿಲ್ಲಿಸಿದ್ದರಿಂದ ಅಡ್ಡಮಳೆಗೆ ನೆನೆದು ಚೈನ್ ತುಕ್ಕು ಹಿಡಿದಿತ್ತು, ಬ್ಯಾಟರಿ ಸತ್ತಿತ್ತು, ಒಂದು ಕನ್ನಡಿಯೂ ಇರಲಿಲ್ಲ. ವಾಹನ ಕಸಿಯುವ ಹಕ್ಕು ಅವರಿಗಿತ್ತೇ? – ಸಾಗರದ ಓದುಗರು

ಉತ್ತರ: ಅಪರಾಧಕ್ಕೆ ಸಂಬಂಧಿಸಿದ್ದೆಂಬ ಅನುಮಾನವಿರುವ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 102ನೆಯ ಕಲಂ ಪೊಲೀಸರಿಗೆ ಕೊಟ್ಟಿತ್ತು. ಆದರೆ ವಶಪಡಿಸಿಕೊಂಡದ್ದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕೆಂದು ಅದೇ ಕಲಂ ಹೇಳುತ್ತದೆ. ಪಟ್ಟಿಯಿಲ್ಲದೆ, ರಸೀದಿಯಿಲ್ಲದೆ, ಕೀಲಿಕೈ ಕಿತ್ತುಕೊಂಡು ‘ಲಾಕ್‌ಡೌನ್ ಮುಗಿದ ಮೇಲೆ ಬಾ’ ಎಂದು ಕಳುಹಿಸಿದ್ದನ್ನು ಆ ಕಲಮಿನ ಪಾಲನೆ ಎನ್ನಲಾಗದು. ಮೋಟಾರು ವಾಹನ ಕಾಯ್ದೆಯ 207ನೆಯ ಕಲಮನ್ನೂ ಕೆಲವೆಡೆ ಬಳಸಿದರು. ಅದು ನೋಂದಣಿ, ಪರವಾನಗಿ, ಪರ್ಮಿಟ್ ಇಲ್ಲದ ವಾಹನಗಳಿಗಾಗಿ ಇರುವಂಥದು. ದಾಖಲೆಗಳೆಲ್ಲ ಸರಿಯಿದ್ದ ಬೈಕಿಗೆ ಅದು ಅನ್ವಯಿಸುವುದಿಲ್ಲ.

ರಾಜ್ಯದಾದ್ಯಂತ ಠಾಣೆಗಳ ಮುಂದೆ ವಾಹನಗಳು ಗುಡ್ಡೆಬಿದ್ದಾಗ, ಅವನ್ನು ಬಿಡಿಸುವ ವಿಷಯ ಹೈಕೋರ್ಟಿಗೆ ಹೋಗಿ, 2020ರ ಏಪ್ರಿಲ್ ಕೊನೆಯಲ್ಲಿ ದಾರಿಯಾಯಿತು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ 500, ನಾಲ್ಕು ಚಕ್ರದವಕ್ಕೆ 1000 ರೂಪಾಯಿ ಕಟ್ಟಿಸಿಕೊಂಡು ಮುಚ್ಚಳಿಕೆಯ ಮೇಲೆ ಬಿಡುವ ವ್ಯವಸ್ಥೆ ಅದು. ತಾವು ಕಟ್ಟಿದ್ದು ಅದೇ ಹಣ, ಅದಕ್ಕೆ ರಸೀದಿ ಇರಲೇಬೇಕು.

ಠಾಣೆಯ ಬಯಲಿನಲ್ಲಿ ವಾಹನ ಕೊಳೆಯಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಸೂಕ್ತ ಭದ್ರತೆ ಪಡೆದು ಬೇಗನೆ ಮಾಲೀಕರಿಗೆ ಮಧ್ಯಂತರ ವಶಕ್ಕೆ ಕೊಡಬೇಕೆಂಬುದು ಅದರ ಸಾರ. ಆಗಲೇ ಮ್ಯಾಜಿಸ್ಟ್ರೇಟರ ಮುಂದೆ ಒಂದು ಅರ್ಜಿ ಹಾಕಿದ್ದರೆ ಫಲ ಸಿಗುತ್ತಿತ್ತೋ ಏನೋ. ಆದರೆ ನ್ಯಾಯಾಲಯಗಳೇ ಅರೆಬಾಗಿಲು ತೆರೆದಿದ್ದ ಕಾಲ ಅದು. ಕನ್ನಡಿಗೂ ಬ್ಯಾಟರಿಗೂ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಿದರೆ ವಕೀಲರ ಶುಲ್ಕದಲ್ಲಿ ಹೊಸ ಬ್ಯಾಟರಿ ನಾಲ್ಕು ಬರುತ್ತದೆ. ಮರೆಯುವುದು ಲೇಸು.

ಪ್ರಶ್ನೆ: ಮಾಸ್ಕ್ ಮೂಗಿನ ಕೆಳಗಿತ್ತೆಂದು ಶಿವಮೊಗ್ಗದಲ್ಲಿ 250 ರೂಪಾಯಿ, ಅದೇ ವಾರ ನಮ್ಮೂರಿನಲ್ಲಿ 100 ರೂಪಾಯಿ ದಂಡ ಕಟ್ಟಿಸಿಕೊಂಡರು. ಒಂದೇ ತಪ್ಪಿಗೆ ಎರಡು ದರವೇ? – ಹೊಸನಗರ ತಾಲ್ಲೂಕಿನ ಶಿಕ್ಷಕರು

ಉತ್ತರ: ಹೌದು, ದರವೇ ಹಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಮೊದಲು ನಗರಗಳಿಗೆ 1000, ಗ್ರಾಮೀಣ ಭಾಗಕ್ಕೆ 500 ಎಂದು ಏರಿಸಿ, ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಮಹಾನಗರ ಪಾಲಿಕೆ ವ್ಯಾಪ್ತಿಗೆ 250, ಉಳಿದೆಡೆ 100 ಎಂದು ಇಳಿಸಿದರು. ಶಿವಮೊಗ್ಗ ಪಾಲಿಕೆಯಾದ್ದರಿಂದ 250. ರಸೀದಿ ಕೊಟ್ಟಿದ್ದರೆ ಎರಡೂ ಕ್ರಮಬದ್ಧ. ಕೊಡದೆ ಪಡೆದಿದ್ದರೆ ಅದನ್ನು ದಂಡವೆಂದು ಕರೆಯಬೇಕಾಗಿಲ್ಲ.

ಪ್ರಶ್ನೆ: 2020ರಲ್ಲಿ ಗೆಳೆಯರೊಡನೆ ಕೆರೆದಂಡೆಯಲ್ಲಿ ಕೂತಿದ್ದಕ್ಕೆ 188ನೆಯ ಕಲಮಿನಡಿ ನನ್ನ ಮೇಲೆ ಎಫ್‌ಐಆರ್ ಆಯಿತು. ಆಮೇಲೆ ಸಮನ್ಸ್ ಬಂದಿಲ್ಲ, ನಾನೂ ವಿಚಾರಿಸಲಿಲ್ಲ. ಈಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಾಗಿದೆ. ಮನೆಯಲ್ಲಿ ಎಲ್ಲರಿಗೂ ಗಾಬರಿ. – ಶಿಕಾರಿಪುರದ ಯುವಕರು

ಉತ್ತರ: ಗಾಬರಿ ಬೇಡ, ಉದಾಸೀನವೂ ಬೇಡ. 188ನೆಯ ಕಲಮಿನ ಅಪರಾಧವನ್ನು, ಸಂಬಂಧಪಟ್ಟ ಸರ್ಕಾರಿ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಲಿಖಿತವಾಗಿ ದೂರು ಸಲ್ಲಿಸದೆ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ ಎಂದು ದಂಡ ಪ್ರಕ್ರಿಯಾ ಸಂಹಿತೆಯ 195ನೆಯ ಕಲಂ ಕಟ್ಟುನಿಟ್ಟಾಗಿ ಹೇಳಿತ್ತು. ವಿಪತ್ತು ನಿರ್ವಹಣಾ ಕಾಯ್ದೆಯ 60ನೆಯ ಕಲಂ ಕೂಡ ಪ್ರಾಧಿಕಾರದ ದೂರನ್ನು ಬಯಸುತ್ತದೆ. ಠಾಣೆಯಲ್ಲಿ ಎಫ್‌ಐಆರ್ ಬರೆದು ಬರಿಯ ದೋಷಾರೋಪ ಪಟ್ಟಿ ಸಲ್ಲಿಸಿದ ಎಷ್ಟೋ ಪ್ರಕರಣಗಳು ದೇಶದ ಹಲವು ಹೈಕೋರ್ಟುಗಳಲ್ಲಿ ಬಿದ್ದುಹೋಗಿರುವುದು ಈ ಕಾರಣಕ್ಕಾಗಿಯೇ.

ಎರಡನೆಯದು ಕಾಲಮಿತಿ. ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದ ಅಪರಾಧಗಳಿಗೆ ಒಂದು ವರ್ಷದೊಳಗೆ ನ್ಯಾಯಾಲಯಕ್ಕೆ ದೂರು ಹೋಗಿರಬೇಕು. ಕೋವಿಡ್ ಕಾರಣದಿಂದ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಟ್ಟಿತ್ತು; ಅದು ತಮ್ಮ ಪ್ರಕರಣಕ್ಕೂ ಅನ್ವಯಿಸುತ್ತದೆಂದೇ ಇಟ್ಟುಕೊಂಡರೂ 2023ರ ಹೊತ್ತಿಗೆ ಗಡುವು ತೀರಿದೆ. ಅಷ್ಟರೊಳಗೆ ನ್ಯಾಯಾಲಯದಲ್ಲಿ ಪ್ರಕರಣ ದಾಖಲಾಗಿದ್ದರೆ ಮಾತ್ರ ಈ ವಾದ ನಡೆಯದು. ಎಫ್‌ಐಆರ್‌ನಲ್ಲಿ 270ನೆಯ ಕಲಮನ್ನೂ, ಅಂದರೆ ದುರುದ್ದೇಶದಿಂದ ಸೋಂಕು ಹರಡುವ ಕೃತ್ಯದ ಆರೋಪವನ್ನೂ ಸೇರಿಸಿದ್ದಾರೆಯೇ ನೋಡಿಕೊಳ್ಳಿ; ಅದಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇರುವುದರಿಂದ ಕಾಲಮಿತಿ ಮೂರು ವರ್ಷ.

ಪಾಸ್‌ಪೋರ್ಟ್ ಕಾಯ್ದೆಯ 6ನೆಯ ಕಲಂ ಅಡ್ಡಿಯೆಂದು ಹೇಳುವುದು ಕ್ರಿಮಿನಲ್ ನ್ಯಾಯಾಲಯದ ಮುಂದೆ ಬಾಕಿಯಿರುವ ಪ್ರಕರಣವನ್ನು. ಠಾಣೆಯ ಕಡತದಲ್ಲಿ ಮಲಗಿರುವ ಎಫ್‌ಐಆರ್ ಅಷ್ಟೇ ಆಗಿದ್ದರೆ ಅದು ಬಾಕಿ ಪ್ರಕರಣವಾಗುವುದಿಲ್ಲ. ಆದ್ದರಿಂದ ಮೊದಲು ಎಫ್‌ಐಆರ್ ಪ್ರತಿಯನ್ನು ಪಡೆಯಿರಿ. ತಾಲ್ಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ವಕೀಲರ ಮೂಲಕ ಅದರ ಸ್ಥಿತಿ ತಿಳಿದುಕೊಳ್ಳಿ. ‘ಬಿ’ ವರದಿ, ಅಂದರೆ ಆರೋಪಕ್ಕೆ ಆಧಾರ ಸಿಗಲಿಲ್ಲವೆಂಬ ಪೊಲೀಸರ ಅಂತಿಮ ವರದಿ, ಸಲ್ಲಿಕೆಯಾಗಿ ಪ್ರಕರಣ ಮುಗಿದಿದ್ದರೆ ಅದರ ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಬಾಕಿಯೇ ಇದ್ದರೆ ರದ್ದತಿಗಾಗಿ ಹೈಕೋರ್ಟಿಗೆ ಹೋಗಬಹುದು, ಇಲ್ಲವೇ ವಿಚಾರಣಾ ನ್ಯಾಯಾಲಯದ ಅನುಮತಿ ಪಡೆದು ನಿರ್ದಿಷ್ಟ ಅವಧಿಯ ಪಾಸ್‌ಪೋರ್ಟ್ ಪಡೆಯಬಹುದು. ಅರ್ಜಿಯಲ್ಲಿ ಪ್ರಕರಣದ ಸಂಗತಿಯನ್ನು ಮುಚ್ಚಿಡುವುದು ಮಾತ್ರ ಕೆರೆದಂಡೆಯಲ್ಲಿ ಕೂತದ್ದಕ್ಕಿಂತ ದೊಡ್ಡ ತಪ್ಪಾದೀತು.

ತಮಿಳುನಾಡು, ಉತ್ತರ ಪ್ರದೇಶಗಳಲ್ಲಿ ಲಾಕ್‌ಡೌನ್ ಪ್ರಕರಣಗಳನ್ನು ಸರ್ಕಾರವೇ ಸಾಮೂಹಿಕವಾಗಿ ಹಿಂಪಡೆಯಲು ತೀರ್ಮಾನಿಸಿತ್ತು. ವಲಸೆ ಕಾರ್ಮಿಕರ ಮೇಲಿನ ಪ್ರಕರಣಗಳನ್ನು ಹಿಂಪಡೆಯುವುದನ್ನು ಪರಿಶೀಲಿಸಿ ಎಂದು 2020ರ ಜೂನ್ 9ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಕೆರೆದಂಡೆಯ ಪ್ರಕರಣಗಳನ್ನು ಇಟ್ಟುಕೊಂಡು ಯಾರಿಗೆ ಯಾವ ಲಾಭವೋ ನನಗಂತೂ ತಿಳಿಯದು.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ಪೊಲೀಸರನ್ನೇ ದೂರುತ್ತೀರಿ. ನಮ್ಮ ಯಜಮಾನರು ಹೆಡ್ ಕಾನ್‌ಸ್ಟೇಬಲ್. ಆ ಎರಡು ಬೇಸಿಗೆಗಳಲ್ಲಿ ಅವರು ಮನೆಗೆ ಬಂದರೆ ಹಿತ್ತಲಿನಲ್ಲೇ ಸ್ನಾನ ಮಾಡಿ, ಜಗಲಿಯಲ್ಲೇ ಮಲಗುತ್ತಿದ್ದರು. ಮಕ್ಕಳನ್ನು ಮುಟ್ಟಲಿಲ್ಲ. ಮಾತು ಕೇಳದ ಜನರನ್ನು ಇನ್ನು ಹೇಗೆ ತಡೆಯಬೇಕಿತ್ತು? – ಭದ್ರಾವತಿಯ ಗೃಹಿಣಿ

ಉತ್ತರ: ಅಮ್ಮಾ, ತಮ್ಮ ಮಾತನ್ನು ನಾನು ತಳ್ಳಿಹಾಕಲಾರೆ. ಬಂದೋಬಸ್ತಿನಲ್ಲಿದ್ದವರಿಗೆ ಸೋಂಕು ತಗುಲಿತು, ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಬೆಳಗಿನ ಆದೇಶ ಸಂಜೆಗೆ ಬದಲಾಗುತ್ತಿತ್ತು. ಬದಲಾದದ್ದು ರಸ್ತೆಯಲ್ಲಿ ನಿಂತವರಿಗೆ ತಿಳಿಯುತ್ತಿದ್ದುದು ವಾಟ್ಸ್ಆ್ಯಪ್ ಗುಂಪಿನಿಂದ, ಅದೂ ನೆಟ್‌ವರ್ಕ್ ಸಿಕ್ಕಿದ ಕಡೆ. ಪಾಸ್ ನಿಜವೋ ನಕಲಿಯೋ, ‘ಆಸ್ಪತ್ರೆಗೆ’ ಎಂದವನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾನೋ ನೆಂಟರ ಮನೆಗೋ ಎಂಬುದನ್ನು ಬಿಸಿಲಿನಲ್ಲಿ ನಿಂತ ಒಬ್ಬ ಪೇದೆ ಅರೆಕ್ಷಣದಲ್ಲಿ ನಿರ್ಧರಿಸಬೇಕಿತ್ತು. ಹಳೆಯ ಚೀಟಿಯೊಂದನ್ನೇ ಹಿಡಿದು ವಾರವಿಡೀ ತಿರುಗಿದವರೂ ನಮ್ಮ ಊರುಗಳಲ್ಲೇ ಇದ್ದರು.

ಮೊದಲ ಅಲೆಯ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 2020ರ ಮೇ ಎರಡನೆಯ ವಾರದವರೆಗೆ ಶಿವಮೊಗ್ಗ ಜಿಲ್ಲೆ ಹಸಿರು ವಲಯದಲ್ಲಿತ್ತು, ಸೋಂಕು ದಾಖಲಾಗಿರಲಿಲ್ಲ. ಸೋಂಕಿತರೇ ಇಲ್ಲದ ಊರಿನಲ್ಲಿ ಇಷ್ಟೇಕೆ ಬಿಗಿ ಎಂದು ಜನ ಕೇಳುತ್ತಿದ್ದರು. ಬಿಗಿ ಇದ್ದುದರಿಂದಲೇ ಸೋಂಕಿಲ್ಲ ಎಂದು ಆಡಳಿತ ಹೇಳುತ್ತಿತ್ತು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಈ ಜಗ್ಗಾಟದ ನಡುವೆ ಸಿಕ್ಕಿಬಿದ್ದವರು ತಮ್ಮ ಯಜಮಾನರಂಥವರು.

ಆದರೂ ‘ಹೇಗೆ ತಡೆಯಬೇಕಿತ್ತು’ ಎಂಬ ಪ್ರಶ್ನೆಗೆ ಲಾಠಿ ಉತ್ತರವಾಗುವುದಿಲ್ಲ. ಪೇದೆಯ ಕೈಗೆ ಒಂದು ರಸೀದಿ ಪುಸ್ತಕ, ಜಿಲ್ಲಾಧಿಕಾರಿಗಳ ಸಹಿಯಿರುವ ಅಂದಿನ ಆದೇಶದ ಕನ್ನಡ ಪ್ರತಿ, ಅನುಮಾನ ಬಂದರೆ ಕೇಳಲು ಒಬ್ಬ ಕಂದಾಯ ಇಲಾಖೆಯ ಅಧಿಕಾರಿ, ಇಷ್ಟನ್ನು ಚೆಕ್‌ಪೋಸ್ಟಿನಲ್ಲಿ ಒದಗಿಸಬೇಕಿತ್ತು. ಒದಗಿಸದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಬೈಗುಳವೆಲ್ಲ ತಮ್ಮ ಯಜಮಾನರ ಪಾಲಿಗೆ. ಇದು ಅನ್ಯಾಯವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗೆಂದು ಏಟು ತಿಂದವನು ಅದನ್ನು ಲೆಕ್ಕಕ್ಕಿಡಬಾರದೆನ್ನಲು ಆಗದು.

ಪ್ರಶ್ನೆ: ಸಾತಾನ್‌ಕುಳಂ ಪ್ರಕರಣದ ಸುದ್ದಿ ಓದಿದಾಗಿನಿಂದ ಅಂಗಡಿ ನಡೆಸುವ ನನಗೆ ಒಂದು ಅಳುಕು. ಬಾಗಿಲು ಹಾಕಲು ತಡವಾದ ಮಾತ್ರಕ್ಕೆ ಠಾಣೆಗೆ ಕರೆದರೆ ನಾನು ಏನು ಮಾಡಬೇಕು, ಆಮೇಲೆ ಎಲ್ಲಿ ದೂರು ಕೊಡಬೇಕು? – ಶಿವಮೊಗ್ಗದ ವ್ಯಾಪಾರಿ

ಉತ್ತರ: ತಮಿಳುನಾಡಿನ ತೂತುಕುಡಿ ಜಿಲ್ಲೆಯ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ಅವಧಿ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ 2020ರ ಜೂನ್ 19ರಂದು ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್ ಅವರನ್ನು ಠಾಣೆಗೆ ಒಯ್ದರು, ನಾಲ್ಕು ದಿನಗಳೊಳಗೆ ಇಬ್ಬರೂ ತೀರಿಕೊಂಡರು. ತನಿಖೆ ಸಿಬಿಐಗೆ ಹೋಗಿ, ಪೊಲೀಸರ ಮೇಲೆಯೇ ಕೊಲೆ ಆರೋಪ ಹೊರಿಸಲಾಯಿತು.

ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಹಾಜರಾಗಲು ನೋಟಿಸು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಕರೆದರೆ ‘ನೋಟಿಸು ಕೊಡಿ ಸಾರ್, ಬರುತ್ತೇನೆ’ ಎಂದು ಮೆಲ್ಲಗೆ ಕೇಳಿ. ರಸ್ತೆಯಲ್ಲಿ ಕಾನೂನು ಬೋಧಿಸಲು ಹೋಗಬೇಡಿ, ಅದರಿಂದ ಕೆಲಸ ಕೆಡುವುದೇ ಹೆಚ್ಚು. ಬಂಧಿಸಿಯೇ ಬಿಟ್ಟರೆ, ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳಂತೆ ಬಂಧನದ ಜ್ಞಾಪನ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೊಡೆದಿದ್ದರೆ ಅದನ್ನು ಮ್ಯಾಜಿಸ್ಟ್ರೇಟರು ಕೇಳುವವರೆಗೆ ಕಾಯದೆ ತಾವಾಗಿಯೇ ಹೇಳಿ. ಠಾಣೆಯಿಂದ ಬಿಟ್ಟುಕಳುಹಿಸಿದರೆ ನೇರ ಮನೆಗೆ ಹೋಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂಬುದನ್ನು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ) ದಾಖಲೆಯಲ್ಲಿ ಬರೆಸಿ. ‘ಜಾರಿಬಿದ್ದೆ’ ಎಂದು ಸಂಕೋಚದಿಂದ ಹೇಳಿ ಪ್ರಕರಣವನ್ನು ತಾವೇ ಕೈಯಾರೆ ಕೆಡಿಸಿಕೊಂಡವರನ್ನು ನಮ್ಮ ವೃತ್ತಿಯಲ್ಲಿ ಬೇಕಾದಷ್ಟು ನೋಡುತ್ತೇವೆ.

ದೂರನ್ನು ಮೊದಲು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಪೊಲೀಸ್ ಸುಧಾರಣೆ ಕುರಿತ 2006ರ ಪ್ರಕಾಶ್ ಸಿಂಗ್ ತೀರ್ಪಿನ ಬಳಿಕ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿಯಾಗಿ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳು ಬಂದಿವೆ. ಇವು ಇರುವುದೇ ಅನೇಕರಿಗೆ ತಿಳಿದಿಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬಹುದು, ಆದರೆ ‘ಕರ್ತವ್ಯದಲ್ಲಿದ್ದಾಗ ಮಾಡಿದ್ದು, ಸರ್ಕಾರದ ಅನುಮತಿ ಬೇಕು’ ಎಂಬ ಆಕ್ಷೇಪ ಅಲ್ಲಿ ಎದುರಾಗುತ್ತದೆ, ಅದಕ್ಕೆ ಸಿದ್ಧರಿರಬೇಕು. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿ ಕ್ಯಾಮೆರಾ ಅಳವಡಿಸಿ ದೃಶ್ಯಗಳನ್ನು ಕಾಪಾಡಿಡಬೇಕೆಂದು ಆದೇಶಿಸಿದೆ. ಆ ದೃಶ್ಯಗಳನ್ನು ಅಳಿಸದೆ ಇಡಬೇಕೆಂದು ತಮ್ಮ ಮೊದಲ ದೂರಿನಲ್ಲೇ, ದಿನಾಂಕ ಮತ್ತು ಗಂಟೆಯನ್ನು ನಮೂದಿಸಿ, ಕೇಳಿ.

ಪ್ರಶ್ನೆ: ಮುಂದೆ ಇಂಥ ಸ್ಥಿತಿ ಮತ್ತೆ ಬಂದರೆ ಕಾನೂನು ಹಾಗೆಯೇ ಇರುತ್ತದೆಯೇ? ಗ್ರಾಮ ಪಂಚಾಯಿತಿ ಸದಸ್ಯನಾಗಿ ನಾನು ಮೊದಲೇ ಏನಾದರೂ ಮಾಡಬಹುದೇ? – ಸೊರಬ ತಾಲ್ಲೂಕಿನ ಓದುಗರು

ಉತ್ತರ: ಕಾನೂನು ಬದಲಾಗಿದೆ, ಸಡಿಲವಾಗಿಲ್ಲ. 2024ರ ಜುಲೈ 1ರಿಂದ ಹಳೆಯ 188ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಂ ಬಂದಿದ್ದು, ಅಪಾಯಕಾರಿ ಉಲ್ಲಂಘನೆಗೆ ಶಿಕ್ಷೆ ಒಂದು ವರ್ಷದವರೆಗೆ, ದಂಡ 5000 ರೂಪಾಯಿವರೆಗೆ ಏರಿದೆ. 144ನೆಯ ಕಲಮಿನ ನಿಷೇಧಾಜ್ಞೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ. ಅಧಿಕಾರಿಯ ಲಿಖಿತ ದೂರು ಬೇಕೆಂಬ ನಿಯಮ ಅದರ 215ನೆಯ ಕಲಮಿನಲ್ಲಿ ಉಳಿದುಕೊಂಡಿದೆ.

ತಮ್ಮ ತಾಲ್ಲೂಕಿಗೆ ಇದು ದೂರದ ಮಾತಲ್ಲ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಈಗಲೂ ಬೇಸಿಗೆ ಮುಗಿಯುವವರೆಗೆ ಮಲೆನಾಡಿಗೆ ಅದರ ಆತಂಕ ತಪ್ಪಿಲ್ಲ. ಪಂಚಾಯಿತಿಯಿಂದ ತಹಶೀಲ್ದಾರರಿಗೆ ಈಗಲೇ ಒಂದು ನಿರ್ಣಯ ಕಳುಹಿಸಿ: ಯಾವ ಮಜರೆಗಳಿಂದ ಪಡಿತರ ಅಂಗಡಿ, ಔಷಧಿ ಅಂಗಡಿ ಎಷ್ಟು ದೂರ, ಎಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ಆನ್‌ಲೈನ್ ಪಾಸ್ ಪಡೆಯಲಾಗದು, ಯಾವ ಮನೆಗಳಲ್ಲಿ ನಿತ್ಯ ಔಷಧಿಯ ರೋಗಿಗಳಿದ್ದಾರೆ, ಯಾವ ತಿಂಗಳಲ್ಲಿ ತೋಟಕ್ಕೆ ಯಾವ ಸಾಮಗ್ರಿ ಬೇಕು ಎಂಬ ಪಟ್ಟಿ ಅದರಲ್ಲಿರಲಿ. ಅಂಥ ಮಜರೆಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಸಹಿಯಿರುವ ಕಾಗದದ ಪಾಸೂ, ವಾಹನಕ್ಕೆ ಅನುಮತಿಯೂ ಇರಬೇಕೆಂದು ಕೇಳಿ. ನಿರ್ಣಯದ ಒಂದು ಪ್ರತಿಯನ್ನು ವೃತ್ತ ನಿರೀಕ್ಷಕರಿಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.